ನಾವಿಬ್ಬರು ಬತ್ತಿಸಿದ ಸಮುದ್ರ

ನಾನು ಸಮುದ್ರ ಕಂಡವಳಲ್ಲ. ಆದರೂ ಇಂಗ್ಲೆಂಡಿನ ಒಂದು ಕಡಲೂರಿನಲ್ಲಿ ಗಡಿಯಾರದ ಗೋಪುರದಿಂದ ಹೊರಟು ಹಳೆಯ ದೀಪಸ್ತಂಭದ ತನಕ ಹೋಗುವ ದಾರಿ ಕೇಳಿ, ಕಣ್ಣು ಮುಚ್ಚಿಕೊಂಡು ಹೇಳುತ್ತೇನೆ. ಯಾವ ತಿರುವಿನಲ್ಲಿ ಕೆಂಪು ಅಂಚೆಪೆಟ್ಟಿಗೆ ಇದೆ, ಯಾವ ಮನೆಯ ಕಿಟಕಿಯಲ್ಲಿ ಬೂದು ಬೆಕ್ಕು ಕೂತಿದೆ, ಎಲ್ಲ ಗೊತ್ತು. ಚಳ್ಳಕೆರೆಯಲ್ಲಿ ನಮ್ಮ ಮನೆಯ ಹಿಂದಿನ ಓಣಿಯಲ್ಲಿ ಯಾರ‍್ಯಾರ ಮನೆಗಳಿವೆ ಎಂದು ಮಾತ್ರ ಕೇಳಬೇಡಿ. ನಾನು ಆ ಕಡೆ ಹೋಗಿ ಎಷ್ಟು ತಿಂಗಳಾಯಿತೋ.

ಕೆಲಸವೇ ಹಾಗಿದೆ. ಎಣ್ಣೆ ಅಂಗಡಿಯೊಂದರ ಮಹಡಿಯ ಮೇಲೆ ನಾಲ್ಕು ಕಂಪ್ಯೂಟರ್ ಇಟ್ಟುಕೊಂಡ ಪುಟ್ಟ ಆಫೀಸು ನಮ್ಮದು. ಆ ಕಡಲೂರಿನಲ್ಲಿ ಬಾಡಿಗೆ ಮನೆ ಕೊಡಿಸುವ ದಲ್ಲಾಳಿಯೊಬ್ಬ ತನ್ನ ವೆಬ್‌ಸೈಟಿಗೆ ನಮ್ಮಿಂದ ಪುಟಗಳನ್ನು ಬರೆಸುತ್ತಾನೆ. ಯಾವ ಬಡಾವಣೆ ಹೇಗಿದೆ, ಹತ್ತಿರ ಯಾವ ಪಾರ್ಕು ಇದೆ, ನೋಡುವಂಥದ್ದು ಏನಿದೆ, ಇಷ್ಟೇ. ಬಿ.ಎ.ಯಲ್ಲಿ ಇಂಗ್ಲಿಷ್ ತೆಗೆದುಕೊಂಡಿದ್ದೆ ಎಂಬ ಒಂದೇ ಕಾರಣಕ್ಕೆ ಆ ಊರು ನನ್ನ ಪಾಲಿಗೆ ಬಂತು. ಕ್ಯಾಮೆರಾ ಹೊತ್ತ ಕಾರೊಂದು ಅಲ್ಲಿಯ ಬೀದಿ ಬೀದಿ ಸುತ್ತಿ ತೆಗೆದ ಚಿತ್ರಗಳು ನಕ್ಷೆಯಲ್ಲಿವೆ. ಬಾಣದ ಗುರುತು ಒತ್ತಿದರೆ ಹತ್ತು ಹೆಜ್ಜೆ ಮುಂದೆ, ಇನ್ನೊಮ್ಮೆ ಒತ್ತಿದರೆ ಇನ್ನೂ ಹತ್ತು ಹೆಜ್ಜೆ. ಬೆಳಿಗ್ಗೆ ಒಂಬತ್ತರಿಂದ ಸಂಜೆ ಐದರ ತನಕ ನಾನು ಹೀಗೆ ನಡೆಯುತ್ತೇನೆ.

ನಡೆಯುವುದು ಕಣ್ಣು. ಕಾಲಿಗೆ ಚಡಪಡಿಕೆ. ಮೇಜಿನ ಕೆಳಗೆ ನನ್ನ ಬಲಗಾಲು ಕುಣಿಯುತ್ತಲೇ ಇರುತ್ತದೆ. ಇದರ ಕೆಳಗೆ ಒಂದು ಹೊಲಿಗೆ ಮಿಷನ್ ಇಟ್ಟರೆ ಇಡೀ ಪೇಟೆಗೆ ಬಟ್ಟೆ ಹೊಲಿಯಬಹುದು ಎಂದು ಪಕ್ಕದ ಮೇಜಿನವಳು ರೇಗಿಸುತ್ತಾಳೆ. ನಾನು ರೇಗುತ್ತೇನೆ ಕೂಡ. ನನ್ನ ಸಿಟ್ಟು ಮೂಗಿನ ತುದಿಯಲ್ಲೇ ಇರುವಂಥದ್ದು. ಚಡಪಡಿಕೆ ಅಪ್ಪನಿಂದ ಬಂತು, ಸಿಟ್ಟು ಅವ್ವನದು. ಇಬ್ಬರೂ ಸೇರಿ ನನಗೆ ಒಳ್ಳೆಯದನ್ನೇ ಕೊಟ್ಟಿದ್ದಾರೆ.

ಅಪ್ಪ ಕುರಿ ಕಾಯುತ್ತಿದ್ದವನು. ನಮ್ಮೂರು ಮೊಳಕಾಲ್ಮೂರಿನ ದೇವಸಮುದ್ರದ ಕಡೆ. ಅಲ್ಲಿಂದ ಹಿಂಡು ಹೊಡೆದುಕೊಂಡು ರಾಂಪುರ ದಾಟಿ, ಮಳೆ ಎಲ್ಲಿ ಬಿದ್ದಿದೆಯೋ ಆ ಕಡೆಗೆಲ್ಲ ಹೋಗಿ, ಬೇಸಿಗೆಯ ಹೊತ್ತಿಗೆ ವರವು ಕಾವಲು ಎಂಬ ಹುಲ್ಲುಬಯಲಿಗೆ ಬಂದು ಸೇರುತ್ತಿದ್ದ. ನನ್ನ ಕಾಲೇಜಿಗೆಂದು ಅವ್ವ ನನ್ನನ್ನು ಕಟ್ಟಿಕೊಂಡು ಚಳ್ಳಕೆರೆಗೆ ಬಂದಳು, ಎಣ್ಣೆ ಮಿಲ್ಲಿನಲ್ಲಿ ಶೇಂಗಾ ಆರಿಸುವ ಕೆಲಸಕ್ಕೆ ಸೇರಿದಳು. ಅಪ್ಪ ಮಾತ್ರ ಕುರಿಯ ಹಿಂದೆಯೇ ಉಳಿದ. ತಿಂಗಳಿಗೊಮ್ಮೆ ಬರುತ್ತಿದ್ದ, ಮುದ್ದೆ ಉಣ್ಣುತ್ತಿದ್ದ, ಕೈ ಒಣಗುವ ಮೊದಲೇ ಎದ್ದು ಹೋಗುತ್ತಿದ್ದ. ಊಟದ ಹೊತ್ತು ಬಿಟ್ಟರೆ ಅವನು ಕೂತಿದ್ದನ್ನು ನಾನು ಕಂಡಿಲ್ಲ. ದಣಿವಾದರೆ ಕೋಲನ್ನು ಕಂಕುಳಿಗೆ ಆನಿಸಿ, ಒಂದು ಪಾದವನ್ನು ಇನ್ನೊಂದು ಮೊಣಕಾಲಿಗೆ ಒತ್ತಿ, ಒಂಟಿಗಾಲಲ್ಲಿ ನಿಂತೇ ಸುಧಾರಿಸಿಕೊಳ್ಳುತ್ತಿದ್ದ. ಕೂತರೆ ದೂರದ ಕುರಿ ಕಾಣುವುದಿಲ್ಲ ಎನ್ನುತ್ತಿದ್ದ.

ಸರ್ಕಾರದವರು ಕಾವಲಿನ ಸುತ್ತ ಗೋಡೆ ಎಬ್ಬಿಸಿದ ಮೇಲೆ ಅವನ ದಾರಿ ಉದ್ದವಾಯಿತು. ಹುಲ್ಲು ಗೋಡೆಯ ಆಚೆ, ಕುರಿ ಈಚೆ. ಸುತ್ತಿ ಬಳಸಿ ಎಲ್ಲೆಲ್ಲೋ ಹೋಗಿ ಬರುತ್ತಿದ್ದ. ಹೋದ ಬೇಸಿಗೆಯಲ್ಲಿ ಒಂದು ದಿನ ಬಿಸಿಲಿಗೆ ಬಿದ್ದುಬಿಟ್ಟ. ಯಾರೋ ದಾರಿಹೋಕರು ನೀರು ಚಿಮುಕಿಸಿ ಎಬ್ಬಿಸಿ ಆಟೋದಲ್ಲಿ ಹಾಕಿ ಕಳಿಸಿದರು. ಗುಂಡಿಗೆ ಸೋತಿದೆ, ಇನ್ನು ಬಿಸಿಲಲ್ಲಿ ನಡೆದರೆ ಉಳಿಯುವುದಿಲ್ಲ ಎಂದು ಡಾಕ್ಟರು ಅವನ ಎದುರಿಗೇ ಹೇಳಿದರು. ಅದೇ ತಿಂಗಳು ಹಿಂಡು ಮಾರಿದೆವು. ಅಪ್ಪ ಕೋಲು ಮತ್ತು ಕಂಬಳಿಯ ಜೊತೆ ನಮ್ಮ ಎರಡು ಕೋಣೆಯ ಬಾಡಿಗೆ ಮನೆಗೆ ಬಂದ.

ಬಂದವನು ನಿಲ್ಲಲಿಲ್ಲ. ನಾಲ್ಕು ಗಂಟೆಗೆ ಎದ್ದು ಬಾಗಿಲಿಂದ ಹಿತ್ತಿಲಿಗೆ, ಹಿತ್ತಿಲಿಂದ ಬಾಗಿಲಿಗೆ ತಿರುಗುತ್ತಿದ್ದ. ನಾವಿಬ್ಬರೂ ಕೆಲಸಕ್ಕೆ ಹೋದ ಮೇಲೆ ಮೂರು ಸಲ ಹೇಳದೆ ಕೇಳದೆ ಕಾವಲಿನ ದಾರಿ ಹಿಡಿದ. ಮೂರು ಸಲವೂ ಹುಡುಕಿ ಕರೆತಂದೆವು. ಮೂರನೇ ಸಲ ಅವನ ತುಟಿ ನೀಲಿಗಟ್ಟಿತ್ತು.

"ಮನ್ಯಾಗೆ ಬಿಟ್ಟು ಹೋಗಾಕೆ ಆಗಲ್ಲ ನಿಮ್ಮಪ್ಪನ್ನ," ಎಂದಳು ಅವ್ವ. "ಇನ್ನೊಂದ್ ಸಲ ಹೋದ್ರೆ ನಾಲ್ಕ್ ಜನ ಹೊತ್ಕಂಡ್ ಬರಬೇಕಾಗ್ತೈತೆ. ನೀನಾದ್ರೂ ಕರ್ಕಂಡ್ ಹೋಗು ನಿನ್ ಆಫೀಸಿಗೆ. ಫ್ಯಾನ್ ಐತಲ್ಲ ಅಲ್ಲಿ."

ಫ್ಯಾನಿನ ಕೆಳಗೆ ಅಪ್ಪನನ್ನು ಕಟ್ಟಿಹಾಕುವುದು ನನ್ನ ಕೆಲಸವಾಯಿತು. ನಮ್ಮ ಆಫೀಸಿನ ಯಜಮಾನರು ಒಳ್ಳೆಯವರು, "ಬರ್ರಿ ಯಜಮಾನ್ರೇ, ಕುಂತ್ಕಳ್ರಿ" ಎಂದು ನನ್ನ ಪಕ್ಕಕ್ಕೇ ಒಂದು ಕುರ್ಚಿ ಎಳೆದು ಹಾಕಿದರು. ಅಪ್ಪ ಕೂರಲಿಲ್ಲ. ನನ್ನ ಬೆನ್ನ ಹಿಂದೆ ಕೋಲು ಆನಿಸಿ ಒಂಟಿಗಾಲಲ್ಲಿ ನಿಂತ. ಮೊದಲ ದಿನ ನನಗೆ ನಾಚಿಕೆಯಾಯಿತು, ಸುಳ್ಳು ಯಾಕೆ ಹೇಳಲಿ. ಕಂಬಳಿಯ ವಾಸನೆ ಇಡೀ ಕೋಣೆಗೆ ಹರಡಿತ್ತು. ಪಕ್ಕದ ಮೇಜಿನವಳು ಕಿಟಕಿ ತೆಗೆದಳು.

ಆ ದಿನ ನಾನು ಬಂಡೆಯ ಮೇಲಿನ ಪಾರ್ಕಿನಲ್ಲಿದ್ದೆ. ಊರಿನ ಬಡಗಲಿಗೆ, ಸಮುದ್ರಕ್ಕೆ ನೇರ ಇಳಿಯುವ ದೊಡ್ಡ ಬಂಡೆಯ ನೆತ್ತಿಯಲ್ಲಿ ಅದು ಇದೆ. ನಡುವೆ ಬ್ಯಾಂಡು ಬಾರಿಸುವವರಿಗೆಂದು ಕಟ್ಟಿದ ಎಂಟು ಮೂಲೆಯ ಮಂಟಪ, ಒಂದು ಪಕ್ಕದಲ್ಲಿ ಮುದುಕರು ಬಿಳಿ ಬಟ್ಟೆ ಹಾಕಿಕೊಂಡು ಚೆಂಡು ಉರುಳಿಸುವ ಅಂಗಳ, ಸುತ್ತ ಹುಲ್ಲು. ಎಂಥ ಹುಲ್ಲು! ಅಪ್ಪ ಮುಂದಕ್ಕೆ ಬಾಗಿದ.

"ಇದ್ಯಾವ ಕಾವಲು?"

"ಕಾವಲು ಅಲ್ಲಪ್ಪಾ, ಪಾರ್ಕು. ಜನ ಸುಮ್ನೆ ಓಡಾಡೋ ಜಾಗ."

"ಮೇಯ್ಸೋರು ಯಾರು?"

"ಯಾರೂ ಮೇಯ್ಸಲ್ಲ. ಮಿಷನ್‌ನಾಗೆ ಕೊಯ್ತಾರೆ."

"ಕೊಯ್ದು?"

"ಬಿಸಾಕ್ತಾರೆ."

ಅಪ್ಪ ಪರದೆಯ ಹುಲ್ಲನ್ನು ಮೂಲೆಯಿಂದ ಮೂಲೆಗೆ ಹುಡುಕಿದ. ಆಮೇಲೆ, "ಇಷ್ಟು ಹುಲ್ಲು ಐತೆ, ಒಂದು ಹಿಕ್ಕೆ ಇಲ್ಲ ನೋಡು," ಎಂದ. ಅವನ ದನಿಯಲ್ಲಿದ್ದ ಸಂಕಟ ಕೇಳಿ ನನಗೆ ನಗು ಬಂತು. ನಕ್ಕ ಮೇಲೆ ಪಾಪ ಅನ್ನಿಸಿತು. ಕುರಿ ಹಿಕ್ಕೆಯಿಲ್ಲದ ಹುಲ್ಲು ಅವನ ಲೆಕ್ಕದಲ್ಲಿ ಹಾಳುಬಿದ್ದ ಹುಲ್ಲು.

ಅಂದಿನಿಂದ ನಾವಿಬ್ಬರೂ ಸೇರಿ ಆ ಊರು ಸುತ್ತಿದೆವು. ನಾನು ಒತ್ತುತ್ತಿದ್ದೆ, ಅವನು ಕುರಿ ಹೊಡೆದ ಹಾಗೆ ಹಿಂದಿನಿಂದ ಅಟ್ಟುತ್ತಿದ್ದ. "ಮುಂದಕ್ಕೆ ಹೋಗು. ಆ ಗೋಡೆ ಹಿಂದಕ್ಕೆ ಏನೈತೆ? ಎಡಕ್ಕೆ ತಿರುಗು." ಒಂದು ಕಡೆ ನಿಲ್ಲಲು ಬಿಡುತ್ತಿರಲಿಲ್ಲ. ರೈಲ್ವೆ ಸ್ಟೇಷನ್ನಿನ ಹಿಂದಿನ ಸಾಲುಮನೆಗಳು, ಮೀನುಗಾರರ ಹಳೇ ಕೇರಿಯ ಇಕ್ಕಟ್ಟು ಸಂದಿಗಳು, ಕಬ್ಬಿಣದ ಕಾಲುಗಳ ಮೇಲೆ ಸಮುದ್ರದೊಳಕ್ಕೆ ಚಾಚಿಕೊಂಡ ಉದ್ದನೆಯ ಕಟ್ಟೆ, ಎಲ್ಲ ಕಡೆ ಓಡಿದೆವು. ಮರಳಿನ ಅಂಚಿಗೆ ಬಣ್ಣಬಣ್ಣದ ಮರದ ಗೂಡುಗಳ ಸಾಲು ಕಂಡಾಗ ಮಾತ್ರ ಅವನೇ ನಿಲ್ಲಿಸಿದ.

"ಇಷ್ಟ್ ಸಣ್ಣ ಗುಡ್ಲಾಗೆ ಹೆಂಗಿರ್ತಾರೆ ಮಗಾ?"

"ಇರಲ್ಲ. ಬ್ಯಾಸಿಗ್ಯಾಗೆ ಬಂದು ಟೀ ಕಾಯ್ಸ್ಕಂಡು, ಸಮುದ್ರ ನೋಡ್ಕಂಡು ಹೋಗ್ತಾರೆ."

"ನಾವೂ ಅಷ್ಟೇ ಅಲ್ಲೇನು," ಎಂದ ಅಪ್ಪ. ಅವನ ಮುಖ ಅವತ್ತು ಸ್ವಲ್ಪ ಅರಳಿತ್ತು.

ಅವನು ನೋಡುವ ರೀತಿಯೇ ಬೇರೆ. ನಾನು ಪಾರ್ಕಿನ ಚಿತ್ರ ನೋಡಿ ಸುಂದರ, ಪ್ರಶಾಂತ ಎಂದು ಬರೆಯುವವಳು. ಎಲ್ಲ ಪಾರ್ಕಿಗೂ ಅದೇ ಎರಡು ಪದ. ಅಪ್ಪನಿಗೆ ಬೇಕಾದದ್ದು ನೀರು ಎಲ್ಲಿದೆ, ನೆರಳು ಎಷ್ಟು ಹೊತ್ತು ಇರುತ್ತದೆ, ಗಾಳಿ ಯಾವ ಕಡೆಯದು, ನಾಯಿ ಯಾವ ಬಾಗಿಲಿಂದ ಬರುತ್ತದೆ. ಬಂಡೆಯ ಮೇಲಿನ ಪಾರ್ಕಿನ ಮರಗಳನ್ನು ತೋರಿಸಿ ಹೇಳಿದ, "ಎಲ್ಲಾ ಒಂದೇ ಕಡೀಗೆ ಬಾಗಿದಾವೆ. ಗಾಳಿ ಕಡಲಿಂದ ಹೊಡೀತೈತೆ. ಈ ಮುಂದ್ಲ ಬೆಂಚಿನಾಗೆ ಮುದುಕ್ರು ಕುಂತ್ರೆ ಕಿವಿನೋವು ಬರ್ತೈತೆ. ಆ ಬೇಲಿ ಮರೆಯಾಗೆ ಒಂದು ಐತಲ್ಲ, ಅಲ್ಲಿ ಕುಂದರ್ಲಿ ಅವ್ರು." ನಾನು ಅದನ್ನೇ ಇಂಗ್ಲಿಷಿನಲ್ಲಿ ಬರೆದೆ. ಬಾತುಕೋಳಿ ಕೊಳದ ಪಾರ್ಕಿನಲ್ಲಿ ಮಧ್ಯಾಹ್ನದ ನೆರಳು ಯಾವ ಮಗ್ಗುಲಿಗೆ ಬೀಳುತ್ತದೆ ಎಂದೂ ಬರೆದೆ. ಹೊಸ ಬಡಾವಣೆಯ ಇಳಿಜಾರಿನಲ್ಲಿ ಮಳೆನೀರು ಯಾವ ಮನೆಗಳ ಮುಂದೆ ನಿಲ್ಲುತ್ತದೆ ಎಂದೂ ಬರೆದೆ.

ದಲ್ಲಾಳಿಯಿಂದ ಪತ್ರ ಬಂತು. ಈ ಪುಟಗಳನ್ನು ಬರೆದವರು ಖಂಡಿತ ನಮ್ಮೂರಿನಲ್ಲಿ ವಾಸ ಮಾಡಿದವರು, ಅವರಿಗೆ ನನ್ನ ನಮಸ್ಕಾರ ತಿಳಿಸಿ ಎಂದಿತ್ತು. ಯಜಮಾನರು ಅದನ್ನು ಎಲ್ಲರಿಗೂ ಕೇಳಿಸುವಂತೆ ಓದಿ, ಅಪ್ಪನಿಗೆ ಟೀ ತರಿಸಿದರು. ಅಪ್ಪ ಟೀ ಲೋಟ ಹಿಡಿದು ನಿಂತೇ ಕುಡಿದ. ಆದರೆ ಕಾವಲಿನ ಕಡೆ ಹೋಗುವ ಮಾತೆತ್ತಿರಲಿಲ್ಲ. ಒಂದು ತಿಂಗಳು, ಎರಡು ತಿಂಗಳು. ಅವ್ವ ರಾತ್ರಿ ನಿದ್ದೆ ಮಾಡತೊಡಗಿದಳು. ನಾನು ಗೆದ್ದೆ ಎಂದುಕೊಂಡೆ.

ಆಮೇಲೆ ಹಳೇ ಬಂದರಿನ ಸರದಿ ಬಂತು.

ಬಂದರು ಎಂದರೆ ಮೀನುಗಾರರ ಕೇರಿಯ ಕೆಳಗೆ ಕಲ್ಲಿನ ಗೋಡೆ ಕಟ್ಟಿ, ಸಮುದ್ರವನ್ನು ಒಳಕ್ಕೆ ಕರೆದುಕೊಂಡ ಜಾಗ. ನಾವು ಹೋಗಿ ನೋಡಿದಾಗ ಅಲ್ಲಿ ನೀರೇ ಇರಲಿಲ್ಲ. ಉದ್ದಕ್ಕೂ ಕಂದು ಕೆಸರು. ದೋಣಿಗಳು ಪಕ್ಕಕ್ಕೆ ವಾಲಿಕೊಂಡು ಮಲಗಿದ್ದವು. ಒಂದರ ಹೊಟ್ಟೆಗೆ ನೀಲಿ ಪಟ್ಟೆ ಬಳಿದಿತ್ತು, ಅದಕ್ಕೆ ಕಟ್ಟಿದ ಹಗ್ಗ ಕೆಸರಿನಲ್ಲಿ ಬಿದ್ದಿತ್ತು. ಆ ಕಡೆಯಿಂದ ನೋಡಿದೆವು, ಈ ಕಡೆಯಿಂದ ನೋಡಿದೆವು. ಎಲ್ಲಿಂದ ನೋಡಿದರೂ ಕೆಸರೇ.

ಅಪ್ಪ ಕೋಲು ಬಿಟ್ಟು ಮೇಜಿಗೆ ಕೈ ಊರಿದ. "ನೀರು ಹೋಗಿ ಬಾಳ ದಿನ ಆಗಿಲ್ಲ. ಕೆಸರು ಇನ್ನೂ ಹಸಿ ಐತೆ, ಬಿರುಕು ಬಿಟ್ಟಿಲ್ಲ. ಎಲ್ಲೋ ಏರಿ ಒಡ್ದಿರಬೇಕು. ಈ ವರ್ಸಕ್ಕಂತೂ ಹೋತು." ವಾಲಿದ ದೋಣಿಗಳನ್ನು ನೋಡಿ, "ಪಾಪ, ಆ ಜನ ಈಗ ಎಲ್ಲಿಗೆ ಹೋಗ್ಯಾರೋ," ಎಂದ.

ಉಬ್ಬರ ಇಳಿತ ಎಂದು ಎಂಟನೇ ಕ್ಲಾಸಿನಲ್ಲಿ ನಾನು ಓದಿದ್ದೇನೆ. ಪರೀಕ್ಷೆಯಲ್ಲಿ ಬರೆದೂ ಇದ್ದೇನೆ. ಆದರೆ ನಮ್ಮ ಸೀಮೆಯಲ್ಲಿ ಹುಟ್ಟಿ ಬೆಳೆದವರು ನೀರಿಲ್ಲದ ಕೆರೆಯಂಗಳ ನೋಡಿದಾಗ ಪುಸ್ತಕ ನೆನಪು ಮಾಡಿಕೊಳ್ಳುವುದಿಲ್ಲ. ನೀರು ಹೋಯಿತು ಎಂದರೆ ಹೋಯಿತು. ಅದು ಮಧ್ಯಾಹ್ನ ಊಟ ಮಾಡಿ ವಾಪಸು ಬರುತ್ತದೆ ಎಂದು ಯಾರಿಗೆ ಹೊಳೆಯಬೇಕು? ನನಗೆ ಒಂದು ಕ್ಷಣಕ್ಕೂ ಅನುಮಾನ ಬರಲಿಲ್ಲ. ಹಳೇ ಬಂದರಿನ ನೀರು ಬತ್ತಿಹೋಗಿದೆ, ದೋಣಿಗಳು ಕೆಲಸಕ್ಕೆ ಬಾರದೆ ಬಿದ್ದಿವೆ, ನೀರು ಕಾಣುತ್ತದೆಂದು ಇಲ್ಲಿ ಮನೆ ಹಿಡಿಯುವವರು ಯೋಚಿಸಿ ಹಿಡಿಯುವುದು ಒಳ್ಳೆಯದು ಎಂದು ಬರೆದು, ಕಳಿಸಿ, ನೆಮ್ಮದಿಯಾಗಿ ಮನೆಗೆ ಹೋದೆ. ಪುಟ ಹಾಗೇ ವೆಬ್‌ಸೈಟಿಗೆ ಏರಿತು. ನಮ್ಮ ಮೇಲೆ ಅಷ್ಟು ನಂಬಿಕೆ ಬಂದಿತ್ತು ಅವರಿಗೆ.

ಮೂರನೇ ದಿನ ಯಜಮಾನರು ಕರೆದರು. "ಏನಮ್ಮಾ, ಸಮುದ್ರಾನೇ ಬತ್ತಿಸಿಬಿಟ್ಟಲ್ಲ! ಬಂದರಿನ ಮನೆ ಓನರ್‌ಗಳೆಲ್ಲ ಆ ದಲ್ಲಾಳಿ ಮೇಲೆ ಬಿದ್ದವ್ರೆ. ಕೆಲಸ ಬೇರೆಯವ್ರಿಗೆ ಕೊಡ್ತೀನಿ ಅಂತಾನೆ." ಆಫೀಸಿನಲ್ಲಿ ಎಲ್ಲರೂ ನಕ್ಕರು. ಪಕ್ಕದ ಮೇಜಿನವಳು ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ನನ್ನ ಕಿವಿ ಬಿಸಿಯಾಯಿತು. ಅಪ್ಪ ಹಿಂದೆಯೇ ನಿಂತಿದ್ದ, ಏನಾಯಿತು ಎಂದು ಕೇಳಿದ.

ನಾನು ತಿರುಗಿ ಅಂದೆ, "ಕುರಿ ಕಾಯೋನ ಮಾತು ಕೇಳಿದ್ದಕ್ಕೆ ಹಿಂಗಾತು. ನಿಂಗೇನ್ ಗೊತ್ತೈತೆ ಅಂತ ಹೇಳಾಕೆ ಬಂದೆ?"

ಎಲ್ಲರ ಎದುರಿಗೆ ಅಂದೆ. ಬರೆದವಳು ನಾನು, ಓದಿದವಳು ನಾನು. ಅಪ್ಪ ಕೋಲು ತೆಗೆದುಕೊಂಡು ಮೆಟ್ಟಿಲ ಹತ್ತಿರ ಹೋಗಿ ನಿಂತ. ಸಂಜೆ ನನ್ನ ಹಿಂದೆ ಹತ್ತು ಹೆಜ್ಜೆ ಬಿಟ್ಟು ಮನೆಗೆ ಬಂದ. ಬೆಳಿಗ್ಗೆ ನಾವು ಏಳುವ ಹೊತ್ತಿಗೆ ಕಂಬಳಿ ಇರಲಿಲ್ಲ, ಕೋಲೂ ಇರಲಿಲ್ಲ.

ಅವ್ವ ಅಳಲಿಲ್ಲ, ಬೈಯಲೂ ಇಲ್ಲ. ಅದೇ ನನಗೆ ಹೆಚ್ಚು ಹೆದರಿಕೆ ಹುಟ್ಟಿಸಿತು. "ನಾಯಕನಹಟ್ಟಿ ಬಸ್ ಹತ್ತು," ಎಂದಳು. "ನಾನು ಈ ಕಡೆ ಆಸ್ಪತ್ರೆ ನೋಡ್ಕಂಡ್ ಬರ್ತೀನಿ." ಬಸ್ಸಿನಲ್ಲಿ ಸೀಟಿದ್ದರೂ ನನಗೆ ಕೂರಲಾಗಲಿಲ್ಲ. ಬಾಗಿಲ ಕಂಬಿ ಹಿಡಿದು ನಿಂತು, ದಾರಿಯ ಎರಡೂ ಬದಿಯಲ್ಲಿ ಕಪ್ಪಗೆ ಕಂಡ ಪ್ರತಿಯೊಂದನ್ನೂ ಕಂಬಳಿಯೇ ಎಂದು ನೋಡಿದೆ. ಜಾಲಿ ಗಿಡ, ಕಲ್ಲು, ಸುಟ್ಟ ಟೈರು. ಕುದಾಪುರದ ಹತ್ತಿರ ಇಳಿದು ಕಾವಲಿನ ಗೋಡೆಯ ಬುಡ ಹಿಡಿದು ನಡೆದೆ. ಬಿಸಿಲು ಆಗಲೇ ನೆತ್ತಿಗೆ ಬಂದಿತ್ತು. ಮೂರು ವರ್ಷ ಪರದೇಶದ ಬೀದಿಗಳಲ್ಲಿ ನಡೆದವಳು ನಾನು, ಇಲ್ಲಿ ಅರ್ಧ ಗಂಟೆಯಲ್ಲಿ ಏದುಸಿರು ಬಿಟ್ಟೆ. ದಾರಿ ಕೇಳೋಣವೆಂದರೆ ಏನೆಂದು ಕೇಳಲಿ? ಈ ನೆಲದ ಹೆಸರುಗಳೆಲ್ಲ ಅಪ್ಪನಿಗೆ ಗೊತ್ತು, ನನಗೆ ಒಂದೂ ಗೊತ್ತಿರಲಿಲ್ಲ.

ಗೋಡೆ ಮುಗಿದು ತಂತಿ ಬೇಲಿ ಶುರುವಾಗುವ ಕಡೆ, ಒಂದು ಜಾಲಿ ಮರದ ಹರಕು ನೆರಳಿನಲ್ಲಿ ಅವನಿದ್ದ. ಒಂಟಿಗಾಲಲ್ಲಿ ನಿಂತಿದ್ದ. ಜೀವಂತ ಇದ್ದ. ನಾನು ಅಲ್ಲೇ ಮಣ್ಣಿನಲ್ಲಿ ಕೂತು ಗಟ್ಟಿಯಾಗಿ ಅತ್ತುಬಿಟ್ಟೆ.

"ಹುಲ್ಲು ಚಲೋ ಬಂದೈತೆ ಈ ಸಲ," ಎಂದ ಅಪ್ಪ, ಬೇಲಿಯ ಆಚೆ ನೋಡುತ್ತಾ.

"ತಪ್ಪು ನಂದು ಅಪ್ಪಾ. ನಾನು ಓದ್ದೋಳು, ನಂಗ್ ಗೊತ್ತಿರಬೇಕಿತ್ತು."

"ಚಿಕ್ಕೋನಿದ್ದಾಗಿಂದ ನೀರು ನೋಡ್ಕಂಡೇ ಬಂದೋನು ನಾನು. ಎಂದೂ ತಪ್ಪಿರಲಿಲ್ಲ," ಎಂದ. ಅವನ ಗಂಟಲು ಒಣಗಿತ್ತು. ನಾನು ತಂದಿದ್ದ ಬಾಟಲಿ ಕೊಟ್ಟೆ, ಕುಡಿದ.

ವಾಪಸು ಬಸ್ಸಿನಲ್ಲಿ ನಾನು ಅವನಿಗೆ ಸಮುದ್ರದ ವಿಷಯ ಹೇಳಿದೆ. ಅದರ ನೀರು ದಿನಕ್ಕೆ ಎರಡು ಸಲ ಹೋಗುತ್ತದೆ, ಎರಡು ಸಲ ಬರುತ್ತದೆ, ದೋಣಿಗಳು ಕೆಸರಿನಲ್ಲಿ ಕಾಯುತ್ತವೆ, ನೀರು ಬಂದಾಗ ತಾವಾಗಿಯೇ ಎದ್ದು ನಿಲ್ಲುತ್ತವೆ ಎಂದೆ. ಅಪ್ಪ ನಾನು ಕಥೆ ಕಟ್ಟುತ್ತಿದ್ದೇನೆಯೇ ಎಂಬಂತೆ ಮುಖ ನೋಡಿದ.

"ದಿನಾ?"

"ದಿನಾ."

"ಯಾರು ಎಳೀತಾರೆ ಅದನ್ನ?"

"ಚಂದ್ರ."

ಅಪ್ಪ ಕಿಟಕಿಯ ಹೊರಗೆ ನೋಡಿದ. "ಚಂದ್ರ ನಮ್ ಕಡೇನೂ ಐತಲ್ಲ," ಎಂದ.

ಮರುದಿನ ಅವನು ಆಫೀಸಿಗೆ ಬರಲು ಒಲ್ಲೆನೆಂದ. ಅವ್ವ ಬಾಗಿಲಿಗೆ ಅಡ್ಡ ನಿಂತು, ಒಂದೋ ಇವಳ ಜೊತೆ ಹೋಗು, ಇಲ್ಲವೇ ನನ್ನ ಜೊತೆ ಮಿಲ್ಲಿಗೆ ಬಂದು ಹೆಂಗಸರ ನಡುವೆ ಶೇಂಗಾ ಆರಿಸು ಎಂದಳು. ಅವನು ನನ್ನ ಜೊತೆ ಬಂದ. ಯಜಮಾನರು ದಲ್ಲಾಳಿಯನ್ನು ಹೇಗೋ ಸಮಾಧಾನ ಮಾಡಿದ್ದರು, ಪುಟ ತಿದ್ದಿ ಕೊಟ್ಟರೆ ಸಾಕು ಎಂದಾಗಿತ್ತು. ನಾನು ಬಂದರಿನ ಬೇರೊಂದು ಚಿತ್ರ ಹುಡುಕಿ ಅಪ್ಪನಿಗೆ ತೋರಿಸಿದೆ. ತುಂಬು ನೀರು, ನೆಟ್ಟಗೆ ನಿಂತ ದೋಣಿಗಳು. ಅವನು ನಂಬಲಿಲ್ಲ. ನೀಲಿ ಪಟ್ಟೆ ಹುಡುಕಿದ, ಹಗ್ಗ ಹುಡುಕಿದ, ಗೋಡೆಯ ಕಲ್ಲು ಒಂದೊಂದನ್ನೇ ತಾಳೆ ನೋಡಿದ. ಕೊನೆಗೆ, "ಅದೇ ಜಾಗ," ಎಂದು ಒಪ್ಪಿಕೊಂಡ. ಆದರೆ ಮುಂದಕ್ಕೆ ಹೋಗು ಎನ್ನಲಿಲ್ಲ. ಅವನ ಕಣ್ಣು ಮೆಟ್ಟಿಲ ಕಡೆಯೇ ಹೋಗುತ್ತಿತ್ತು. ಈ ಊರು ಅವನನ್ನು ಇನ್ನು ಹಿಡಿಯಲಾರದು, ನಾಳೆಯೋ ನಾಡಿದ್ದೋ ಮತ್ತೆ ಬೇಲಿಯ ಹತ್ತಿರ ಹುಡುಕಬೇಕು, ಆಗ ನಿಂತಿರುತ್ತಾನೋ ಬಿದ್ದಿರುತ್ತಾನೋ ಎಂದು ನನ್ನ ಕಾಲು ಕುಣಿಯತೊಡಗಿತು.

"ಇದ್ರಾಗೆ ನಮ್ ಕಡೆ ರೋಡು ಬರಲ್ಲೇನು?" ಎಂದು ಕೇಳಿದ.

ಮೂರು ವರ್ಷದಲ್ಲಿ ನನಗೇ ಹೊಳೆದಿರಲಿಲ್ಲ. ಹುಡುಕಿದೆ. ಕ್ಯಾಮೆರಾ ಕಾರು ನಮ್ಮ ಕಡೆಗೂ ಬಂದಿತ್ತು. ರಾಂಪುರದ ಪೇಟೆ ಬಂತು, ಟೀ ಅಂಗಡಿ ಬಂತು, ಬಳ್ಳಾರಿ ರಸ್ತೆ ಬಂತು. ಅಪ್ಪ ಹತ್ತಿರ ಬಂದ. ಒತ್ತುತ್ತಾ ಹೋದೆ. ಊರು ದಾಟಿ, ಬಯಲು ಶುರುವಾಗುವ ಕಡೆ, ರಸ್ತೆಗೆ ಅಡ್ಡಲಾಗಿ ಒಂದು ಕುರಿ ಹಿಂಡು. ಅರ್ಧ ದಾಟಿದೆ, ಅರ್ಧ ಈಚೆ ಇದೆ. ನಡುರಸ್ತೆಯಲ್ಲಿ ಕಂಬಳಿ ಹೊದ್ದವನೊಬ್ಬ ಕಾರಿಗೆ ನಿಲ್ಲು ಎಂದು ಕೋಲು ಎತ್ತಿದ್ದಾನೆ. ಮುಖ ಕಾಣದಂತೆ ಮಸುಕು ಮಾಡಿದ್ದಾರೆ. ನಾನು ಇನ್ನೂ ಯಾರೋ ಎಂದುಕೊಳ್ಳುತ್ತಿದ್ದೆ.

"ನನ್ ಬಿಳಿಕಿವಿ!" ಎಂದ ಅಪ್ಪ.

ಅವನ ಬೆರಳು ಪರದೆಗೆ ತಾಗಿತ್ತು. "ಇದು ಬಿಳಿಕಿವಿ. ಇದು ಕುಂಟಿ. ಇದು ಕುಂಟಿ ಮಗಳು. ಈ ಟಗರು ನೋಡು, ಹೆಂಗೆ ಮುಂದೆ ಹೋಗ್ತೈತೆ." ಎಲ್ಲವನ್ನೂ ಹೇಳಿದ, ಹಿಂದೆ ಮರೆಯಾಗಿ ಬರೀ ಬೆನ್ನು ಕಾಣುತ್ತಿದ್ದವನ್ನೂ ಬಿಡಲಿಲ್ಲ. ಎಲ್ಲವೂ ಹೋದ ವರ್ಷ ಮಾರಿದ ಕುರಿಗಳು. ಆಮೇಲೆ ಕೋಲು ಎತ್ತಿದವನನ್ನು ನೋಡಿ ನಕ್ಕ. "ನನ್ ಮುಖ ಒರೆಸಿ ಕುರಿ ಮುಖ ಬಿಟ್ಟವ್ರೆ. ಒಳ್ಳೇದಾತು." ನಗುತ್ತಲೇ, ಹಳೆಯ ಅಭ್ಯಾಸದಂತೆ, "ಮುಂದಕ್ಕೆ ಹೋಗು," ಎಂದ.

ಒತ್ತಿದೆ. ಬರೀ ರಸ್ತೆ. ದೂರದಲ್ಲಿ ಒಂದು ಲಾರಿ.

"ಎಲ್ಲಿ ಹೋದ್ವು?"

"ಕಾರು ಮುಂದಕ್ಕೆ ಬಂತಲ್ಲಪ್ಪಾ."

"ಹಿಂದಕ್ಕೆ ಬಾ. ಬ್ಯಾಗ ಬಾ."

ಹಿಂದಕ್ಕೆ ಬಂದೆ. ಹಿಂಡು ಅಲ್ಲೇ ಇತ್ತು. ಅರ್ಧ ಆಚೆ, ಅರ್ಧ ಈಚೆ. ಅಪ್ಪ ಎಷ್ಟೋ ತಿಂಗಳಿಂದ ಅಲ್ಲೇ ಬಿದ್ದಿದ್ದ ಕುರ್ಚಿಯನ್ನು ಕಾಲಿನಿಂದ ಎಳೆದುಕೊಂಡು ಕೂತ. ಕೋಲನ್ನು ತೊಡೆಯ ಮೇಲೆ ಅಡ್ಡ ಇಟ್ಟುಕೊಂಡ. ಇನ್ನೊಮ್ಮೆ ಒತ್ತಲೇ ಎಂದು ನಾನು ಕೇಳುವ ಮೊದಲೇ ನನ್ನ ಕೈ ಹಿಡಿದುಕೊಂಡ.

"ಇಲ್ಲೇ ನಿಲ್ಸು ಮಗಾ," ಎಂದ. "ಎಲ್ಲಾ ದಾಟ್ಲಿ."